ಕ್ಯಾಮೆರಾ ಹಿಡಿದವನು ಎಲ್ಲಿ ನಿಂತಿದ್ದ?

— ಯುದ್ಧಕಾಲದ ಟ್ಯಾಂಕಿನ ಫೋಟೋ ನಿಜವೋ, ಮಾದರಿ ಇಟ್ಟು ತೆಗೆದದ್ದೋ ಅಂತ ತಿಳಿಯೋಕೆ ನಾನು ಮೊದಲು ಚಕ್ರ ನೋಡ್ತೀನಿ ಅತ್ತೆ. ಜರ್ಮನಿಯ ಟೈಗರ್ ಆದರೆ ಚಕ್ರಗಳು ಒಂದರ ಸಂದಿಗೆ ಇನ್ನೊಂದು ಸೇರಿ ಹೆಣೆದ ಹಾಗಿರಬೇಕು. ರಷ್ಯದ ಟಿ-34 ಆದರೆ ಪಕ್ಕಕ್ಕೆ ಐದು ದೊಡ್ಡ ಚಕ್ರ. ಅಮೆರಿಕದ ಶರ್ಮನ್ ಆದರೆ ಆರು ಸಣ್ಣ ಚಕ್ರ, ಎರಡೆರಡು ಜೋಡಿ. ಅದು ತಾಳೆಯಾಗದಿದ್ದರೆ ಆ ಫೋಟೋ ಬದಿಗೆ.

— ತಾಳೆಯಾದರೆ?

— ನಿಜ ಅಂತ ಇಟ್ಟುಕೊಳ್ತೀನಿ.

— ಅಲ್ಲೇ ಕಣೋ ಮೋಸ ಹೋಗೋದು. ಚಕ್ರದ ಲೆಕ್ಕ ಮಾದರಿ ಮಾಡುವವನಿಗೂ ಗೊತ್ತಿರುತ್ತೆ. ನೀನು ರಾತ್ರಿಯೆಲ್ಲ ಕೂತು ಅಂಟಿಸ್ತೀಯಲ್ಲ, ಆ 1:35 ಅಳತೆಯ ಟೈಗರ್‌ನಲ್ಲಿ ಒಂದು ಬೋಲ್ಟಾದರೂ ಹೆಚ್ಚುಕಮ್ಮಿ ಇರುತ್ತಾ? ಸುಳ್ಳು ಫೋಟೋ ಮಾಡುವವನು ತನ್ನ ಶ್ರದ್ಧೆಯನ್ನೆಲ್ಲ ಟ್ಯಾಂಕಿನ ಮೇಲೇ ಸುರಿದಿರ್ತಾನೆ. ಅದಕ್ಕೇ ಟ್ಯಾಂಕನ್ನು ಕಡೆಗೆ ನೋಡು. ಮೊದಲು ಕ್ಯಾಮೆರಾ ಹಿಡಿದವನನ್ನು ಹುಡುಕು.

— ಅವನು ಫೋಟೋದಲ್ಲಿ ಇರೋದೇ ಇಲ್ಲವಲ್ಲ.

— ಎಲ್ಲ ಫೋಟೋದಲ್ಲೂ ಇರ್ತಾನೆ. ಬಯಲಲ್ಲಿ ತೆಗೆದ ಚಿತ್ರವಾದರೆ ದಿಗಂತದ ಗೆರೆ ನೋಡು. ಅದು ಯಾವಾಗಲೂ ಕ್ಯಾಮೆರಾದ ಎತ್ತರದಲ್ಲೇ ಹಾದುಹೋಗುತ್ತೆ. ಟೈಗರ್ ಸುಮಾರು 3 ಮೀಟರ್ ಎತ್ತರ. ನಿಂತಿರೋ ಮನುಷ್ಯ ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ ಹಿಡಿದು ತೆಗೆದರೆ ದಿಗಂತ ಟ್ಯಾಂಕನ್ನು ಹೆಚ್ಚುಕಮ್ಮಿ ಅರ್ಧದಲ್ಲಿ ಕತ್ತರಿಸಬೇಕು. ಕಂದಕದಲ್ಲಿ ಕೂತು ತೆಗೆದಿದ್ದರೆ ಇನ್ನೂ ಕೆಳಗೆ. ದಿಗಂತ ಟ್ಯಾಂಕಿನ ನೆತ್ತಿಗಿಂತ ಎಷ್ಟೋ ಮೇಲಿದ್ದರೆ, ಅವನು ಏನನ್ನು ಹತ್ತಿ ನಿಂತಿದ್ದ ಅಂತ ಕೇಳಬೇಕು. ಮರ ಇತ್ತಾ, ಮಹಡಿ ಇತ್ತಾ, ಇನ್ನೊಂದು ಟ್ಯಾಂಕ್ ಇತ್ತಾ?

— ಮೇಜಿನ ಮೇಲಿನ ಮಾದರಿಯಾದರೆ ಒಂದೂವರೆ ಮೀಟರ್ ಅಂದರೆ 4 ಸೆಂಟಿಮೀಟರ್ ಚಿಲ್ಲರೆ. ಅಷ್ಟು ಕೆಳಗೆ ಲೆನ್ಸ್ ಇಳಿಸೋಕೆ ಫೋನನ್ನು ತಲೆಕೆಳಗು ಹಿಡೀಬೇಕಾಗುತ್ತೆ, ನಾನು ಹಾಗೇ ಮಾಡೋದು. ಸುಮ್ಮನೆ ನಿಂತು ಬಾಗಿ ತೆಗೆದರೆ ಒಂದು ಗೇಣು ಮೇಲಿಂದ ತೆಗೆದ ಹಾಗಾಗುತ್ತೆ.

— ಒಂದು ಗೇಣು ಅಂದರೆ ನಿಜ ಲೋಕದಲ್ಲಿ ಏಳು ಮೀಟರ್ ಮೇಲೆ. ಗುಂಡು ಹಾರೋ ಬಯಲಲ್ಲಿ ಏಳು ಮೀಟರ್ ಎತ್ತರದಲ್ಲಿ ಯಾರು ಕ್ಯಾಮೆರಾ ಹಿಡಿದು ನಿಲ್ಲುತ್ತಾರೆ? ನಿಂತೇ ಇದ್ದರೆ ಅದಕ್ಕೊಂದು ಕಾರಣ ಚಿತ್ರದ ಸುತ್ತಮುತ್ತ ಸಿಗಬೇಕು.

— ಮಸುಕಿನ ವಿಷಯ ಹೇಳಿ. ಮಾದರಿ ಅಂದ ತಕ್ಷಣ ಎಲ್ಲರೂ ಹೇಳೋದು ಅದನ್ನೇ, ಮುಂದೆ ಸ್ಪಷ್ಟ, ಹಿಂದೆ ಮಸುಕು ಅಂತ.

— ಅದರಲ್ಲಿ ಹುರುಳಿದೆ, ಆದರೆ ಅಂಕಿ ಹಾಕಿ ನೋಡಿದರೇನೇ ಅರ್ಥವಾಗೋದು. ಯುದ್ಧಕಾಲದ ಲೈಕಾ ಕ್ಯಾಮೆರಾ ತಗೋ. 50 ಮಿಲಿಮೀಟರ್ ಲೆನ್ಸ್, ಅಪರ್ಚರ್ ಎಫ್ 8. ಹತ್ತು ಮೀಟರ್ ದೂರದ ಟ್ಯಾಂಕಿಗೆ ಫೋಕಸ್ ಮಾಡಿದರೆ ಐದು ಮೀಟರಿನಿಂದ ಶುರುವಾಗಿ ಆಚೆ ಕಾಣೋ ಮರದ ಸಾಲಿನವರೆಗೂ ಎಲ್ಲ ನಿಚ್ಚಳ. ನಿನ್ನ ಮಾದರಿ ಎಷ್ಟು ಉದ್ದ?

— ನಿಜವಾದ ಟೈಗರ್ ನಳಿಗೆ ಸೇರಿ 8.45 ಮೀಟರ್. ನಂದು 24 ಸೆಂಟಿಮೀಟರ್.

— ಅದೇ ನೋಟ ಬೇಕು ಅಂದರೆ ಹತ್ತು ಮೀಟರ್ ಬದಲು 29 ಸೆಂಟಿಮೀಟರ್ ದೂರದಿಂದ ತೆಗೀಬೇಕು. ಅದೇ ಲೆನ್ಸ್, ಅದೇ ಅಪರ್ಚರ್‌ನಲ್ಲಿ ಸ್ಪಷ್ಟವಾಗಿ ಸಿಗೋದು ಒಂದೂವರೆ ಸೆಂಟಿಮೀಟರ್ ಆಳ ಮಾತ್ರ. ಟ್ಯಾಂಕಿನ ಅಳತೆಯಲ್ಲಿ ಹೇಳಬೇಕು ಅಂದರೆ ಅರ್ಧ ಮೀಟರ್. ನಳಿಗೆಯ ಬಾಯಿ ಸ್ಪಷ್ಟ ಇದ್ದರೆ ಚಾಲಕನ ಕಿಂಡಿ ಮಸುಕು. ಅಪರ್ಚರನ್ನು ಎಫ್ 22ಕ್ಕೆ ಮುಚ್ಚಿದರೂ ನಾಲ್ಕು ಸೆಂಟಿಮೀಟರ್ ಆಸುಪಾಸು. ಫಿಲ್ಮ್ ಕಾಲದ ಮಾದರಿ ಫೋಟೋಗಳು ಅದಕ್ಕೇ ಸುಲಭವಾಗಿ ಸಿಕ್ಕಿಬೀಳ್ತಿದ್ದವು.

— ಈಗ ಹಾಗಿಲ್ಲ ಅತ್ತೆ. ಫೋನಿನ ಲೆನ್ಸ್ ಐದಾರು ಮಿಲಿಮೀಟರಿನದು, ಅದಕ್ಕೆ ಆಳ ಹೆಚ್ಚು ಸಿಗುತ್ತೆ. ಇನ್ನೂ ಬೇಕು ಅಂದರೆ ಫೋಕಸ್ ಸ್ವಲ್ಪ ಸ್ವಲ್ಪ ಬದಲಿಸಿ ಹತ್ತಾರು ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಕೂಡಿಸಬಹುದು.

— ಅದಕ್ಕೇ ಹೇಳಿದ್ದು, ಮಸುಕಿಲ್ಲ ಅಂದ ಮಾತ್ರಕ್ಕೆ ನಿಜ ಅನ್ನಬೇಡ. ಮಸುಕಿದೆ ಅಂದ ಮಾತ್ರಕ್ಕೆ ಸುಳ್ಳೂ ಅನ್ನಬೇಡ. ಮೋಡ ಮುಚ್ಚಿದ ಸಂಜೆ ಅಪರ್ಚರ್ ಪೂರ್ತಿ ತೆರೆದು ತೆಗೆದ ನಿಜವಾದ ಫೋಟೋದಲ್ಲೂ ಹಿನ್ನೆಲೆ ಕರಗಿರುತ್ತೆ. ಆ ಹಿಮದ ಟೈಗರ್ ಫೋಟೋ ಕೊಡು ಇಲ್ಲಿ, ನಿನ್ನ ಗೆಳೆಯ ಕೊಳ್ಳಲಾ ಬೇಡವಾ ಅಂತ ಕೇಳಿದ್ದನಲ್ಲ.

— ತಗೊಳ್ಳಿ. ಅಂಚೆಲ್ಲ ಹಲ್ಲುಹಲ್ಲಾಗಿ ಕತ್ತರಿಸಿದೆ, ಹಳೇ ಪ್ರಿಂಟಿನ ಹಾಗೇ ಇದೆ. ಹಿಂದೆ ಪೆನ್ಸಿಲ್‌ನಲ್ಲಿ ಲೆನಿನ್‌ಗ್ರಾಡ್, ಜನವರಿ 1943 ಅಂತ ಬರೆದಿದ್ದಾರೆ.

— ಬರಹ ಆಮೇಲೆ. ಮೊದಲು ಬೆಳಕು ಎಲ್ಲಿಂದ ಬಂತು ನೋಡೋಣ. ಈ ವಿಷಯದಲ್ಲಿ ಜನ ಎಡವೋದು ಹೆಚ್ಚು. ಸೂರ್ಯ ಬಹಳ ದೂರ ಇರೋದರಿಂದ ನೆಲದ ಮೇಲಿನ ನೆರಳುಗಳು ಒಂದಕ್ಕೊಂದು ಸಮಾಂತರ. ಚಿತ್ರದಲ್ಲಿ ಮಾತ್ರ ಅವು ವಾಲಿದ ಹಾಗೆ ಕಾಣುತ್ತವೆ, ರೈಲು ಹಳಿ ದೂರದಲ್ಲಿ ಕೂಡಿದ ಹಾಗೆ ಕಾಣಲ್ವಾ, ಹಾಗೇ. ನೆರಳಿನ ಗೆರೆಗಳನ್ನೆಲ್ಲ ಸ್ಕೇಲ್ ಇಟ್ಟು ಉದ್ದಕ್ಕೆ ಎಳೆದರೆ ದಿಗಂತದ ಮೇಲಿನ ಒಂದೇ ಬಿಂದುವಿಗೆ ಸೇರಬೇಕು. ದೀಪವಾದರೆ ದಿಗಂತದವರೆಗೂ ಹೋಗಲ್ಲ, ಕೆಳಗೇ, ದೀಪದ ಬುಡದಲ್ಲೇ ಕೂಡಿಬಿಡುತ್ತವೆ. ಈ ಬೇಲಿ ಕಂಬಗಳ ನೆರಳು ನೋಡು. ನಾಲ್ಕಕ್ಕೂ ಗೆರೆ ಎಳೆ.

— ಎಡಗಡೆಗೆ ಹೋಗ್ತಿವೆ... ಚಿತ್ರದ ಅಂಚಿನಿಂದ ಮೂರು ಬೆರಳು ಆಚೆ ನಾಲ್ಕೂ ಸೇರಿದವು. ದಿಗಂತ ಇರೋದು ಎಷ್ಟೋ ಮೇಲೆ.

— ಅಲ್ಲಿತ್ತು ದೀಪ. ಬುದ್ಧಿವಂತ ಆಗಿದ್ದರೆ ಮಾದರಿಯನ್ನು ಎತ್ತಿಕೊಂಡು ಮಹಡಿಯ ಮೇಲೆ ಬಿಸಿಲಿಗೆ ಇಡ್ತಿದ್ದ. ಬಿಸಿಲು ಮಾದರಿಗೂ ನಿಜಕ್ಕೂ ಒಂದೇ ರೀತಿ ಬೀಳುತ್ತೆ, ನೆರಳಿನ ಅಂಚಿನ ಮಬ್ಬು ಕೂಡ ಅಳತೆಗೆ ತಕ್ಕಂತೆ ಕಿರಿದಾಗುತ್ತೆ. ಅಮೆರಿಕದಲ್ಲಿ ಮೈಕಲ್ ಪಾಲ್ ಸ್ಮಿತ್ ಅಂತ ಒಬ್ಬರಿದ್ದರು. 1:24 ಅಳತೆಯ ಹಳೇ ಕಾರುಗಳನ್ನು ಮೇಜಿನ ಮೇಲೆ ಜೋಡಿಸಿ, ಆ ಮೇಜನ್ನು ನಿಜವಾದ ಬೀದಿಗೆ ಒಯ್ದು, ಹಿಂದಿನ ನಿಜವಾದ ಮರಗಳು, ಮನೆಗಳು ಸಾಲಾಗಿ ಹೊಂದುವ ಹಾಗೆ ನಿಲ್ಲಿಸಿ ಫೋಟೋ ತೆಗೀತಿದ್ದರು. ಎಲ್ಗಿನ್ ಪಾರ್ಕ್ ಅಂತ ಆ ಊರಿಗೆ ಹೆಸರು, ಊರೇ ಇಲ್ಲ. ಆದರೆ ಅವರು ಯಾರಿಗೂ ಮೋಸ ಮಾಡಲಿಲ್ಲ. ಮೇಜು, ಕಾಲು, ಕಾರು ಎಲ್ಲ ಕಾಣೋ ಇನ್ನೊಂದು ಚಿತ್ರವನ್ನೂ ತೋರಿಸ್ತಿದ್ದರು. ನನಗೆ ಅವರ ಮೇಲೆ ತುಂಬ ಗೌರವ.

— ಈಗ ನನ್ನ ಸರದಿ ಅತ್ತೆ. ಈ ಹಿಮ ನೋಡಿ, ಅಡುಗೆ ಸೋಡಾ. ನಾನೂ ಹಾಕಿದ್ದೀನಿ, ಗೊತ್ತಾಗುತ್ತೆ. ಉಂಡೆಕಟ್ಟಿದ ಜಾಗದಲ್ಲಿ ಒಂದೊಂದು ಕಾಳು ಸೈನಿಕನ ಮುಷ್ಟಿಯಷ್ಟಿದೆ. ಒಂದು ಮಿಲಿಮೀಟರ್ ಮರಳು ಕಾಳು ನಮ್ಮ ಅಳತೆಯಲ್ಲಿ ಮೂರೂವರೆ ಸೆಂಟಿಮೀಟರ್ ಜಲ್ಲಿಯಾಗಿಬಿಡುತ್ತೆ. ನೀರು, ಬೆಂಕಿ, ಹೊಗೆ, ದೂಳು, ಇವು ಯಾವುದೂ ನಾವು ಹೇಳಿದ ಹಾಗೆ ಚಿಕ್ಕದಾಗಲ್ಲ. ಹೊಗೆಗೆ ಹತ್ತಿ ಹಿಂಜಿ ಇಡ್ತಾರೆ, ಒಂದೊಂದು ಎಳೆ ಹಗ್ಗದ ಹಾಗೆ ಕಾಣುತ್ತೆ. ತಗಡಿನ ಮಡ್‌ಗಾರ್ಡ್ ಕೂಡ ಹಾಗೇ. ನಿಜವಾದದ್ದು ತೆಳು ತಗಡು, ಬಡಿದರೆ ಬಾಗೋದು. ಕಿಟ್ಟಿನಲ್ಲಿ ಬರೋದು ಒಂದು ಮಿಲಿಮೀಟರ್ ಪ್ಲಾಸ್ಟಿಕ್, ಅಂದರೆ ಮೂರೂವರೆ ಸೆಂಟಿಮೀಟರ್ ದಪ್ಪದ ಉಕ್ಕು. ಅದಕ್ಕೇ ತೆಳು ಹಿತ್ತಾಳೆ ಹಾಳೆ ಕೊಂಡು ಬದಲಿಸ್ತೀವಿ. ಟಾರ್ಪಾಲಿಗೆ ಬಟ್ಟೆ ಇಟ್ಟರೆ ಕಂಬಳಿಗಿಂತ ದಪ್ಪ ಕಾಣುತ್ತೆ ಅಂತ ಟಿಶ್ಯೂ ಕಾಗದವನ್ನು ಅಂಟುನೀರಿನಲ್ಲಿ ಅದ್ದಿ ಹೊದಿಸ್ತೀವಿ. ಆಂಟೆನಾಗೆ ಪ್ಲಾಸ್ಟಿಕ್ ಕಡ್ಡಿಯನ್ನು ಮೇಣದಬತ್ತಿ ಮೇಲೆ ಕಾಯಿಸಿ ಎಳೆದು ನೂಲು ಮಾಡ್ತೀವಿ.

— ಟ್ರ್ಯಾಕ್?

— ಅದರ ಬಗ್ಗೆ ಎಷ್ಟು ಹೊತ್ತು ಬೇಕಾದರೂ ಮಾತಾಡ್ತೀನಿ. ಟೈಗರ್‌ಗೆ ಒಂದೊಂದು ಪಕ್ಕಕ್ಕೆ 96 ಕೊಂಡಿ, ಎಲ್ಲ ಎರಕದ ಉಕ್ಕು. ಮೇಲ್ಭಾಗದ ಪಟ್ಟಿಯನ್ನು ಎತ್ತಿ ಹಿಡಿಯೋ ಸಣ್ಣ ರೋಲರ್ ಅದಕ್ಕಿಲ್ಲ, ಟಿ-34ಗೂ ಇಲ್ಲ. ಹಾಗಾಗಿ ಪಟ್ಟಿ ತನ್ನದೇ ಭಾರಕ್ಕೆ ಜೋತು ಚಕ್ರಗಳ ನೆತ್ತಿ ಮೇಲೆ ಕೂತಿರುತ್ತೆ. ಶರ್ಮನ್‌ಗೆ, ಜರ್ಮನಿಯ ಪಾಂಜರ್ ನಾಲ್ಕಕ್ಕೆ ರೋಲರ್ ಇದೆ, ಅಲ್ಲಿ ಜೋತಿರೋದು ಕಡಿಮೆ. ಹಳೇ ಕಿಟ್ಟುಗಳಲ್ಲಿ ಮೆತ್ತನೆ ವಿನೈಲ್ ಪಟ್ಟಿ ಕೊಡ್ತಿದ್ದರು, ಅದು ರಬ್ಬರ್ ಬ್ಯಾಂಡ್ ಥರ ಬಿಗಿಯಾಗಿ ನೆಟ್ಟಗೆ ನಿಲ್ಲುತ್ತೆ. ಈಗ ಕೊಂಡಿ ಕೊಂಡಿಯಾಗಿ ಬಿಡಿಬಿಡಿ ಸಿಗುತ್ತೆ, ಜೋತು ಬೀಳೋ ಹಾಗೆ ಕೂರಿಸಬಹುದು. ಹಾಗಾಗಿ ಮೇಲಿನ ಭಾಗ ನೋಡಿದರೆ ಸಾಲದು. ಕೆಳಗಿನ ಭಾಗ ನೋಡಬೇಕು.

— ಯಾಕೆ?

— ಭಾರ. ಟೈಗರ್ 57 ಟನ್. ಕೆಳಗೆ ಅಷ್ಟು ತೂಕ ಇದ್ದಾಗ ನೆಲ ಏನು ಮಾಡುತ್ತೆ ಅನ್ನೋದೇ ಪರೀಕ್ಷೆ. ಉದ್ದ, ಅಗಲ, ಎತ್ತರ ಮೂರನ್ನೂ 35ರಿಂದ ಭಾಗಿಸಿದರೆ ಮಾದರಿ 1 ಕಿಲೋ 300 ಗ್ರಾಂ ತೂಗಬೇಕು, ಪ್ಲಾಸ್ಟಿಕ್ ಮಾದರಿ ಅದರ ಹತ್ತಿರಕ್ಕೂ ಬರಲ್ಲ. ತೂಕ ಸರಿಹೊಂದಿಸಿದರೂ ನೆಲದ ಮೇಲೆ ಬೀಳೋ ಒತ್ತಡ ನಿಜದ 35ರಲ್ಲಿ ಒಂದು ಪಾಲು. ನಿಜವಾದ ಟ್ಯಾಂಕ್ ತಗ್ಗಿಗೆ ಬಂದರೆ ಒಂದೊಂದು ಚಕ್ರವೂ ತನ್ನಷ್ಟಕ್ಕೆ ಮೇಲೆ ಕೆಳಗೆ ಹೋಗಿ ಟ್ರ್ಯಾಕನ್ನು ನೆಲಕ್ಕೆ ಒತ್ತಿರುತ್ತೆ. ಈ ಹಿಮದ ಫೋಟೋದಲ್ಲಿ ನೋಡಿ, ಮೂರನೇ ಚಕ್ರದ ಕೆಳಗೆ ಹಿಮ ಹಳ್ಳವಾಗಿದೆ, ಟ್ರ್ಯಾಕ್ ಮಾತ್ರ ನೇರ. ನಡುವೆ ಬೆಳಕು ಹಾಯ್ತಿದೆ. ಹಿಂದೆ ಬಿದ್ದಿರೋ ಟ್ರ್ಯಾಕಿನ ಗುರುತನ್ನೂ ಒತ್ತಿದ್ದಲ್ಲ, ಚಾಕುವಿನಲ್ಲಿ ಕೆತ್ತಿದ್ದು. ಅಂಚಿನಲ್ಲಿ ಹಿಮ ಉಬ್ಬಿ ಎದ್ದಿಲ್ಲ.

— ಭೇಷ್. ನನಗೆ ಅದು ಹೊಳೆದಿರಲಿಲ್ಲ. ಇನ್ನು ಆ ಪೆನ್ಸಿಲ್ ಬರಹ.

— ಅದೂ ಸುಳ್ಳೇ. ಟ್ಯಾಂಕಿನ ಮೈಮೇಲೆ ಬಾಚಣಿಗೆ ಎಳೆದ ಹಾಗೆ ಗೆರೆಗೆರೆ ಲೇಪ ಕಾಣುತ್ತಲ್ಲ, ಅದು ಝಿಮ್ಮರಿಟ್. ಕಾಂತ ಇರೋ ಸಿಡಿಗುಂಡುಗಳು ಅಂಟಿಕೊಳ್ಳದಿರಲಿ ಅಂತ ಜರ್ಮನರು ಬಳೀತಿದ್ದರು. ಕಾರ್ಖಾನೆಯಲ್ಲಿ ಅದನ್ನು ಬಳಿಯೋಕೆ ಶುರುಮಾಡಿದ್ದು 1943ರ ಬೇಸಿಗೆ ಮುಗಿಯೋ ಹೊತ್ತಿಗೆ, ನಿಲ್ಲಿಸಿದ್ದು 1944ರ ಸೆಪ್ಟೆಂಬರ್‌ನಲ್ಲಿ. ಲೆನಿನ್‌ಗ್ರಾಡ್ ಬಳಿ ಟೈಗರ್ 1942ರಲ್ಲೇ ಇಳಿದಿದ್ದು ನಿಜ. ಆದರೆ 1943ರ ಜನವರಿಯ ಟೈಗರ್‌ಗೆ ಈ ಲೇಪ ಇರೋಕೆ ಸಾಧ್ಯವಿಲ್ಲ.

— ಹಾಗಾದರೆ ನಿನ್ನ ಗೆಳೆಯನಿಗೆ ದುಡ್ಡು ಕೊಡಬೇಡ ಅಂತ ಹೇಳು. ಇನ್ನು ದೊಡ್ಡ ಮೋಸದ ಕಥೆ ಹೇಳ್ತೀನಿ ಕೇಳು. ಟ್ಯಾಂಕಿನದಲ್ಲ, ವಿಮಾನದ್ದು. 1933ರಲ್ಲಿ ಲಂಡನ್ನಿನಲ್ಲಿ 'ಡೆತ್ ಇನ್ ದಿ ಏರ್' ಅಂತ ಒಂದು ಪುಸ್ತಕ ಬಂತು. ಮೊದಲ ಮಹಾಯುದ್ಧದಲ್ಲಿ ಸತ್ತುಹೋದ, ಹೆಸರು ಹೇಳದ ಒಬ್ಬ ಬ್ರಿಟಿಷ್ ಪೈಲಟ್‌ನ ದಿನಚರಿ, ಜೊತೆಗೆ ಅವನೇ ತೆಗೆದ ಆಕಾಶಯುದ್ಧದ ಫೋಟೋಗಳು ಅಂತ ಹೇಳಿಕೊಂಡಿದ್ದರು. ವಿಮಾನಕ್ಕೆ ಗುಟ್ಟಾಗಿ ಕ್ಯಾಮೆರಾ ಕಟ್ಟಿಕೊಂಡಿದ್ದ ಅಂತ ಕಥೆ. ಬೆಂಕಿ ಹತ್ತಿ ಉರುಳೋ ವಿಮಾನ, ಕೂದಲೆಳೆಯಲ್ಲಿ ತಪ್ಪಿದ ಡಿಕ್ಕಿ, ಒಂದೇ ಚೌಕಟ್ಟಿನಲ್ಲಿ ಏಳೆಂಟು ವಿಮಾನ. ಅಂಥ ಚಿತ್ರ ಯಾರೂ ಅಲ್ಲಿಯವರೆಗೆ ನೋಡಿರಲಿಲ್ಲ. ನ್ಯೂಯಾರ್ಕಿನಲ್ಲಿ ಕಾಕ್‌ಬರ್ನ್-ಲ್ಯಾಂಗ್ ಅಂತ ಹೆಸರು ಹೇಳಿಕೊಂಡ ಒಬ್ಬ ಹೆಂಗಸು ಆ ಫೋಟೋಗಳನ್ನು ಮಾರಿದಳು. ಪತ್ರಿಕೆಗಳು, ಪುಸ್ತಕಗಳು ಐವತ್ತು ವರ್ಷ ಅವನ್ನು ಅಚ್ಚುಮಾಡಿದವು.

— ಯಾರಿಗೂ ಅನುಮಾನ ಬರಲಿಲ್ಲವಾ?

— ಬಂದಿತ್ತು, ಆ ಕಾಲದಲ್ಲೇ ಕೆಲವರು ಇದು ಸಾಧ್ಯವಿಲ್ಲ ಅಂದಿದ್ದರು. ಆದರೆ ಆಧಾರ ಸಿಗಲಿಲ್ಲ. 1984ರಲ್ಲಿ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯ ವಿಮಾನ ಸಂಗ್ರಹಾಲಯದವರು ಗಂಟು ಬಿಚ್ಚಿದರು. ವೆಸ್ಲಿ ಡೇವಿಡ್ ಆರ್ಚರ್ ಅನ್ನೋರ ಕಾಗದಪತ್ರಗಳು ಅವರಿಗೆ ಬಂದಿದ್ದವು. ಆರ್ಚರ್ ಅಮೆರಿಕದವರು, ಆ ಯುದ್ಧದಲ್ಲಿ ಬ್ರಿಟಿಷರ ಕಡೆ ವಿಮಾನ ಹಾರಿಸಿದ್ದವರು, ಆಮೇಲೆ ಸಿನಿಮಾಗಳಿಗೆ ಮಾದರಿ ಮಾಡ್ತಿದ್ದವರು. ಫೋಟೋದ ವಿಮಾನಗಳೆಲ್ಲ ಅವರು ಮಾಡಿದ ಮಾದರಿಗಳು. ಫೋಟೋ ಮಾರಿದ ಹೆಂಗಸು ಅವರ ಹೆಂಡತಿ.

— ನಿಜವಾದ ಪೈಲಟ್ಟೇ ಸುಳ್ಳು ಫೋಟೋ ಮಾಡಿದರಾ?

— ಅದೇ ನನ್ನನ್ನು ಕಾಡೋದು. ಅವರಿಗೆ ವಿಮಾನ ಹೇಗೆ ವಾಲುತ್ತೆ, ಹೇಗೆ ಬೀಳುತ್ತೆ ಅನ್ನೋದು ಮೈಗೇ ಗೊತ್ತಿತ್ತು. ಅದಕ್ಕೇ ಅಂಥ ಚಿತ್ರದಲ್ಲಿ ವಿಮಾನದ ತಪ್ಪನ್ನೇ ಹುಡುಕಿದರೆ ಸೋಲ್ತೀವಿ. ಕ್ಯಾಮೆರಾದವನು ಎಲ್ಲಿದ್ದ ಅಂತ ಕೇಳಿದರೆ ದಾರಿ ಸಿಗುತ್ತೆ. ಗುಂಡು ಹಾರಿಸ್ತಾ, ಜೀವ ಉಳಿಸಿಕೊಳ್ತಾ ಇರೋ ಒಬ್ಬ ಪೈಲಟ್ ಪ್ರತಿ ಸಲವೂ ಅಷ್ಟು ಸರಿಯಾದ ಜಾಗದಲ್ಲಿ, ಅಷ್ಟು ಸರಿಯಾದ ಕ್ಷಣಕ್ಕೆ ಇರೋದು ಹೇಗೆ? ನಿಜವಾದ ಯುದ್ಧದ ಫೋಟೋ ತೆಗೆದವನಿಗೆ ಜಾಗ ಆರಿಸಿಕೊಳ್ಳೋ ಸ್ವಾತಂತ್ರ್ಯ ಇರಲ್ಲ. ಅರ್ಧ ತಲೆ ಅಂಚಿನಲ್ಲಿ ಕತ್ತರಿಸಿರುತ್ತೆ. ಯಾರದೋ ಬಕೆಟ್ಟು ಟ್ಯಾಂಕಿನ ಹಿಂದೆ ನೇತಾಡ್ತಿರುತ್ತೆ. ಒಬ್ಬ ಸೈನಿಕ ಟ್ಯಾಂಕ್ ನೋಡದೆ ತನ್ನ ಬೂಟಿನ ಕಡೆ ನೋಡ್ತಿರ್ತಾನೆ. ನಾನು ನಿನ್ನ ಮಾವನ ಸ್ಟುಡಿಯೋದ ಡಾರ್ಕ್‌ರೂಮಿನಲ್ಲಿ ಅಷ್ಟು ವರ್ಷ ಪ್ರಿಂಟ್ ಹಾಕಿದೆನಲ್ಲ, ಡೆವಲಪರ್ ತಟ್ಟೆಯಲ್ಲಿ ಚಿತ್ರ ಮೂಡುವಾಗ ತೆಗೆದವರೇ ನೋಡಿರದ ಒಂದಲ್ಲ ಒಂದು ವಸ್ತು ಯಾವಾಗಲೂ ಎದ್ದು ಬರ್ತಿತ್ತು. ಮಾದರಿಯ ಫೋಟೋದಲ್ಲಿ ಅದು ಬರಲ್ಲ. ಅಲ್ಲಿರೋ ಪ್ರತಿಯೊಂದನ್ನೂ ಯಾರೋ ಬೇಕು ಅಂತಲೇ ಇಟ್ಟಿರ್ತಾರೆ.

— ನಾವು ತುಕ್ಕನ್ನೂ ಬೇಕು ಅಂತಲೇ ಬಳಿಯೋದು. ಮೂಲೆಮೂಲೆಗೂ ಬಣ್ಣ ಕಿತ್ತಿರಬೇಕು, ಸಂದಿಸಂದಿಗೂ ಕಪ್ಪು ಗೆರೆ ಇಳಿದಿರಬೇಕು. ನಿಜವಾದ ಎಷ್ಟೋ ಟ್ಯಾಂಕ್‌ಗಳು ಅಷ್ಟು ಹಳೆಯದಾಗೋವರೆಗೆ ಉಳಿಯಲೇ ಇಲ್ಲ.

— ಹೌದು ಮಗ. ಒಳಗಿದ್ದವರೂ ಉಳಿಯಲಿಲ್ಲ.

— ಅತ್ತೆ, ಇನ್ನೊಂದು ತೊಡಕು ಇದೆ. ಅಳತೆ ಚಿಕ್ಕದಾಗಿರದೆಯೂ ಸುಳ್ಳಾಗಿರೋ ಟ್ಯಾಂಕುಗಳು. ಮೊದಲ ಮಹಾಯುದ್ಧ ಆದ ಮೇಲೆ ಜರ್ಮನಿಗೆ ಟ್ಯಾಂಕ್ ಇಟ್ಟುಕೊಳ್ಳೋ ಹಾಗಿರಲಿಲ್ಲ, ಕಾರಿನ ಮೇಲೆ ಮರ, ಬಟ್ಟೆಯ ಕವಚ ಕಟ್ಟಿ ಕವಾಯತು ಮಾಡ್ತಿದ್ದರು. 1942ರಲ್ಲಿ ಎಲ್ ಅಲಮೇನ್‌ನಲ್ಲಿ ಬ್ರಿಟಿಷರು ನಿಜವಾದ ಟ್ಯಾಂಕಿಗೆ ಲಾರಿಯ ವೇಷ ಹಾಕಿದರು. 1944ರಲ್ಲಿ ಅಮೆರಿಕದ ಒಂದು ತುಕಡಿಯಂತೂ ಗಾಳಿ ತುಂಬೋ ರಬ್ಬರ್ ಶರ್ಮನ್‌ಗಳನ್ನೇ ಊರೂರಿಗೆ ಹೊತ್ತು ತಿರುಗಿತು. ಅವುಗಳ ಫೋಟೋ ಯುದ್ಧಕಾಲದ ನಿಜವಾದ ಫೋಟೋಗಳೇ.

— ಫೋಟೋ ನಿಜ, ಟ್ಯಾಂಕ್ ಸುಳ್ಳು. ಸಿನಿಮಾದವು ಬೇರೆ.

— ಅವೇ ಹೆಚ್ಚು. 1970ರ 'ಕೆಲ್ಲೀಸ್ ಹೀರೋಸ್' ಯುಗೊಸ್ಲಾವಿಯಾದಲ್ಲಿ ತೆಗೆದದ್ದು, ಅದರ ಟೈಗರ್‌ಗಳು ಟಿ-34 ಮೇಲೆ ತಗಡು ಹೊದಿಸಿ ಮಾಡಿದವು. 1998ರ 'ಸೇವಿಂಗ್ ಪ್ರೈವೇಟ್ ರಯಾನ್'ನಲ್ಲೂ ಹಾಗೇ. ಮೇಲೆಲ್ಲ ಟೈಗರ್, ಕೆಳಗೆ ಐದು ದೊಡ್ಡ ಚಕ್ರ. ಅಲ್ಲಿ ನನ್ನ ಚಕ್ರದ ಲೆಕ್ಕ ಕೈಬಿಡಲ್ಲ. 2014ರ 'ಫ್ಯೂರಿ'ಯಲ್ಲಿ ಮಾತ್ರ ನಿಜವಾದ ಟೈಗರ್ ಇತ್ತು, 1943ರಲ್ಲಿ ಟ್ಯುನೀಷಿಯಾದಲ್ಲಿ ಸೆರೆಸಿಕ್ಕದ್ದು, ಈಗ ಇಂಗ್ಲೆಂಡಿನ ಬೋವಿಂಗ್ಟನ್ ಸಂಗ್ರಹಾಲಯದಲ್ಲಿದೆ. ಇನ್ನೊಂದು ಗೊತ್ತಾ? 'ಬ್ಯಾಟಲ್ ಆಫ್ ದಿ ಬಲ್ಜ್' ಸಿನಿಮಾ ಬಂದದ್ದು 1965ರಲ್ಲಿ, ಸ್ಪೇನಿನಲ್ಲಿ ತೆಗೆದದ್ದು. ಅದರ ಜರ್ಮನ್ ಟ್ಯಾಂಕುಗಳೆಲ್ಲ ಅಮೆರಿಕದ ಎಂ-47 ಪ್ಯಾಟನ್. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಪಂಜಾಬಿನ ಅಸಲ್ ಉತ್ತರ್‌ನಲ್ಲಿ ಪಾಕಿಸ್ತಾನದ ಕೈಲಿದ್ದ ಅದೇ ಪ್ಯಾಟನ್‌ಗಳನ್ನು ನಮ್ಮ ಸೈನ್ಯ ಕೆಡವಿತು.

— ಆ ಫೋಟೋ ನಾನು ಪತ್ರಿಕೆಯಲ್ಲಿ ನೋಡಿದ್ದೆ. ವಶಪಡಿಸಿಕೊಂಡ ಪ್ಯಾಟನ್‌ಗಳನ್ನು ಸಾಲಾಗಿ ನಿಲ್ಲಿಸಿದ್ದರು, ಆ ಜಾಗಕ್ಕೆ ಪ್ಯಾಟನ್ ನಗರ ಅಂತಲೇ ಹೆಸರು ಬಂತು. ಸಾಲಾಗಿ ನಿಲ್ಲಿಸಿದ್ದಕ್ಕೇ ಆ ಚಿತ್ರ ಆಟಿಕೆ ಜೋಡಿಸಿದ ಹಾಗೆ ಕಾಣುತ್ತೆ. ಇವತ್ತಿನ ಹುಡುಗ ಯಾರಾದರೂ ನೋಡಿ ಇದು ಮಾದರಿ ಅಂದುಬಿಟ್ಟರೆ ನನಗೆ ಹೊಟ್ಟೆ ಉರಿಯುತ್ತೆ. ಸುಳ್ಳನ್ನು ನಿಜ ಅನ್ನೋದು ಒಂದು ತಪ್ಪು. ನಿಜವನ್ನು ಸುಳ್ಳು ಅನ್ನೋದು ಅದಕ್ಕಿಂತ ದೊಡ್ಡದು. ಅಸಲ್ ಉತ್ತರ್‌ನಲ್ಲಿ ನಮ್ಮ ಸೈನಿಕ ಅಬ್ದುಲ್ ಹಮೀದ್ ಜೀಪಿನ ಮೇಲಿನ ಫಿರಂಗಿಯಿಂದ ಟ್ಯಾಂಕ್ ಹೊಡೆದು ಹೊಡೆದು ತಾವೇ ಪ್ರಾಣ ಬಿಟ್ಟರು. ಆ ಫೋಟೋ ಅದಕ್ಕೆ ಸಾಕ್ಷಿ.

— ಟೈಗರ್‌ಗೂ ಹಾಗೆ ಆಗಿದೆ. ರೈಲಿನಲ್ಲಿ ಸಾಗಿಸುವಾಗ 725 ಮಿಲಿಮೀಟರ್ ಟ್ರ್ಯಾಕ್ ತೆಗೆದು 520ರ ಕಿರಿದಾದ ಟ್ರ್ಯಾಕ್ ಹಾಕ್ತಿದ್ದರು, ಹೊರಗಿನ ಚಕ್ರವನ್ನೂ ಬಿಚ್ಚಿಡ್ತಿದ್ದರು. ಆ ಫೋಟೋ ಮೊದಲ ಸಲ ನೋಡಿದವರಿಗೆ ಯಾರೋ ಕಿಟ್ಟನ್ನು ತಪ್ಪಾಗಿ ಜೋಡಿಸಿದ ಹಾಗೆ ಕಾಣುತ್ತೆ. ಇದಕ್ಕೆ ತಿರುಗಾಮುರುಗಾ ಇನ್ನೊಂದು. ಇ-100 ಅನ್ನೋ ಜರ್ಮನಿಯ ಭಾರಿ ಟ್ಯಾಂಕಿನ ಬರೀ ಕೆಳಮೈ ಮಾತ್ರ ಸಿದ್ಧವಾಗಿತ್ತು, 1945ರಲ್ಲಿ ಮಿತ್ರರಾಷ್ಟ್ರಗಳ ಸೈನ್ಯ ಅದನ್ನು ಹಾಗೇ ಕಂಡಿತು. ಮೇಲೆ ಟರೆಟ್ ಕೂರಿಸಿರೋ ಇ-100 ಫೋಟೋ ಕಂಡರೆ ಅದು ಮಾದರಿಯೇ. ಅವರ ಸಾವಿರ ಟನ್ನಿನ ರಾಟ್ಟೆ ಅನ್ನೋ ಟ್ಯಾಂಕ್ ಅಂತೂ ಕಾಗದ ಬಿಟ್ಟು ಆಚೆ ಬರಲೇ ಇಲ್ಲ.

— ನನಗೆ ಎಲ್ಲಕ್ಕಿಂತ ನಂಬಿಕೆ ಯಾವುದರ ಮೇಲೆ ಗೊತ್ತಾ? ಅಕ್ಕಪಕ್ಕದ ಚಿತ್ರಗಳ ಮೇಲೆ. 1945ರ ಮಾರ್ಚ್ 6, ಜರ್ಮನಿಯ ಕಲೋನ್ ನಗರ. ದೊಡ್ಡ ಕ್ಯಾಥೆಡ್ರಲ್ ಎದುರಿಗೇ ಒಂದು ಪ್ಯಾಂಥರ್ ಟ್ಯಾಂಕ್ ನಿಂತಿತ್ತು. ಅಮೆರಿಕದ ಪರ್ಶಿಂಗ್ ಟ್ಯಾಂಕ್ ಅಡ್ಡಬೀದಿಯಿಂದ ಬಂದು ಹೊಡೀತು. ಜಿಮ್ ಬೇಟ್ಸ್ ಅನ್ನೋ ಸೇನಾ ಛಾಯಾಗ್ರಾಹಕ ಹತ್ತಿರದ ಕಟ್ಟಡದಿಂದ ಅದನ್ನೆಲ್ಲ ಚಲನಚಿತ್ರವಾಗಿ ಹಿಡಿದರು. ಒಳಗಿನಿಂದ ಜರ್ಮನ್ ಸೈನಿಕರು ಹೊಗೆಯ ನಡುವೆ ಹಾರಿ ಓಡೋದು ಕಾಣುತ್ತೆ. ಬೇರೆಯವರು ತೆಗೆದ ಸ್ಥಿರಚಿತ್ರಗಳೂ ಇವೆ, ಬೇರೆ ಬೇರೆ ಕೋನದಿಂದ ಅದೇ ಟ್ಯಾಂಕ್, ಅದೇ ಮೆಟ್ಟಿಲು, ಅದೇ ತೂತು. ಪರ್ಶಿಂಗ್‌ನಿಂದ ಗುಂಡು ಹೊಡೆದ ಕ್ಲಾರೆನ್ಸ್ ಸ್ಮಾಯರ್ 2022ರವರೆಗೂ ಬದುಕಿದ್ದರು. ಅದೇ ದಿನ, ಅದೇ ಬೀದಿಗಳಲ್ಲಿ, ಗುಂಡಿನ ನಡುವೆ ಸಿಕ್ಕ ಕಾರಿನಲ್ಲಿದ್ದ ಒಬ್ಬ ಯುವತಿ ಸತ್ತಳು. ಇಷ್ಟೂ ಒಂದಕ್ಕೊಂದು ಆತುಕೊಂಡು ನಿಂತಿದೆ. ಒಂಟಿ ಫೋಟೋಗೆ ಆ ಆಸರೆ ಇರಲ್ಲ. ಯಾರಾದರೂ ಒಂದೇ ಒಂದು ಫೋಟೋ ಮಾರೋಕೆ ಬಂದರೆ ಆಲ್ಬಮ್ ಎಲ್ಲಿ, ಹಿಂದಿನ ಮುಂದಿನ ಚಿತ್ರ ಎಲ್ಲಿ ಅಂತ ಕೇಳಬೇಕು.

— ಕಾಗದ ನೋಡಿ ಹೇಳೋಕಾಗಲ್ವಾ?

— ಸ್ವಲ್ಪ ಆಗುತ್ತೆ. 1950ರ ದಶಕದಿಂದೀಚೆಗೆ ಫೋಟೋ ಕಾಗದ ಬೆಳ್ಳಗೆ ಕಾಣಲಿ ಅಂತ ಒಂದು ರಾಸಾಯನಿಕ ಸೇರಿಸೋಕೆ ಶುರುಮಾಡಿದರು. ಕತ್ತಲಲ್ಲಿ ನೇರಳಾತೀತ ದೀಪ ಹಿಡಿದರೆ ಅಂಥ ಕಾಗದ ನೀಲಿಯಾಗಿ ಹೊಳೆಯುತ್ತೆ. ಅಮೆರಿಕದ ಲೂಯಿಸ್ ಹೈನ್ ಬಾಲಕಾರ್ಮಿಕರ ಫೋಟೋ ತೆಗೆದು ಹೆಸರಾದವರು, ತೀರಿಕೊಂಡದ್ದು 1940ರಲ್ಲಿ. ಅವರೇ ಹಾಕಿದ ಪ್ರಿಂಟುಗಳು ಅಂತ ಮಾರಿದ್ದವು ಈ ದೀಪದ ಕೆಳಗೆ ಹೊಳೆದವು. ಆದರೆ ಎಚ್ಚರ, ಹೊಳೆದರೆ ಗೊತ್ತಾಗೋದು ಪ್ರಿಂಟು ಹೊಸದು ಅಂತ ಮಾತ್ರ. ನಿಜವಾದ ಹಳೇ ನೆಗೆಟಿವ್‌ನಿಂದ ಆಮೇಲೆ ಹಾಕಿದ ಪ್ರಿಂಟೂ ಹೊಳೆಯುತ್ತೆ. ಹೊಳೆಯದಿದ್ದರೆ ಹಳೆಯದು ಅನ್ನೋಕೂ ಆಗಲ್ಲ, ಆ ರಾಸಾಯನಿಕ ಇಲ್ಲದ ಕಾಗದ ಆಮೇಲೂ ಬಂದಿದೆ. ಗೀರು, ಚುಕ್ಕೆಗಳನ್ನೂ ನೋಡು. ನೆಗೆಟಿವ್ ಮೇಲೆ ದೂಳು ಕೂತಿದ್ದರೆ ಪ್ರಿಂಟಿನಲ್ಲಿ ಬಿಳಿ ಚುಕ್ಕೆ ಬೀಳುತ್ತೆ, ಆ ಚುಕ್ಕೆಗಳನ್ನು ಸಣ್ಣ ಕುಂಚದಿಂದ ತುಂಬಿಸಿ ತುಂಬಿಸಿ ನನ್ನ ಕಣ್ಣು ಹೋದವು. ನೆಗೆಟಿವ್‌ನ ಎಮಲ್ಷನ್ನೇ ಕಿತ್ತಿದ್ದರೆ ಕಪ್ಪು ಗೆರೆ. ಕಂಪ್ಯೂಟರಿನಲ್ಲಿ ಹಳೇದು ಮಾಡುವವರು ಇದನ್ನೆಲ್ಲ ಒಂದೇ ಪರದೆಯ ಹಾಗೆ ಮೇಲೆ ಹರಡಿಬಿಡ್ತಾರೆ.

— ಈಗಿನ ಕೃತಕ ಬುದ್ಧಿಮತ್ತೆಯ ಚಿತ್ರ, ವಿಡಿಯೋ ಗೇಮಿನ ಚಿತ್ರ?

— ಅವಕ್ಕೂ ಅದೇ ಪ್ರಶ್ನೆ. ಯಾರು, ಎಲ್ಲಿ ನಿಂತು, ಯಾರಿಗೋಸ್ಕರ ತೆಗೆದರು? ಟ್ರ್ಯಾಕಿನ ಕೊಂಡಿ ಎಣಿಸೋದು ನಿನ್ನ ಕೆಲಸ. ಇನ್ನೊಂದು ಮಾತು ಮರೀಬೇಡ. ಟ್ಯಾಂಕ್ ನಿಜ, ಫೋಟೋ ನಿಜ ಆದರೂ ಕೆಳಗಿನ ಬರಹ ನಿಜ ಅಂತೇನಿಲ್ಲ. ಜರ್ಮನ್ ಸೈನ್ಯದ ಎಷ್ಟೋ ಫೋಟೋ ತೆಗೆದದ್ದು ಅವರ ಪ್ರಚಾರ ತುಕಡಿಗಳು. ಅಂಥವನ್ನೆಲ್ಲ ಕಾಪಾಡಿರೋ ಜರ್ಮನಿಯ ರಾಷ್ಟ್ರೀಯ ಪತ್ರಾಗಾರವೇ, ಮೂಲ ಅಡಿಬರಹಗಳು ತಪ್ಪಾಗಿರಬಹುದು, ಪಕ್ಷಪಾತದಿಂದ ಕೂಡಿರಬಹುದು ಅಂತ ಎಚ್ಚರಿಸುತ್ತೆ. ತಾಲೀಮಿನ ಮೈದಾನದಲ್ಲಿ ತೆಗೆದದ್ದನ್ನು ರಣರಂಗ ಅಂತ ಬರೆದರೆ ಮಾದರಿಯ ಹಂಗೇ ಬೇಕಿಲ್ಲ. ಅದಿರಲಿ, ಮುಂದಿನ ತಿಂಗಳ ಪ್ರದರ್ಶನಕ್ಕೆ ನೀನು ಕಪ್ಪುಬಿಳುಪಿನಲ್ಲಿ ಒಂದು ಫೋಟೋ ಮಾಡಿದ್ದೀಯಂತೆ?

— ಹೂಂ, ಬಿಸಿಲಲ್ಲಿ ತೆಗೆದೆ. ಚಿತ್ರ ತುಂಬ ಚೆನ್ನಾಗಿ ಬಂದಿದೆ ಅತ್ತೆ. ನೋಡಿದವರಿಗೆ ಮಾದರಿ ಅಂತ ಗೊತ್ತಾಗಲ್ಲ.

— ಅದು ನಿನ್ನ ಕೈಚಳಕ, ನನಗೆ ಸಂತೋಷ. ಆದರೆ ಅದರ ಮೇಲೆ ಬರೀಬೇಕು. 1:35 ಮಾದರಿ, ನಿನ್ನ ಹೆಸರು, ವರ್ಷ.

— ಚೌಕಟ್ಟಿನ ಕೆಳಗೆ ಚೀಟಿ ಅಂಟಿಸ್ತೀನಿ.

— ಚೀಟಿ ಬೀಳುತ್ತೆ. ಯಾರೋ ಫೋನಿನಲ್ಲಿ ತೆಗೆದು ಇನ್ಯಾರಿಗೋ ಕಳಿಸ್ತಾರೆ, ಅಲ್ಲಿಂದ ಇನ್ನೊಬ್ಬ ಅಂಚು ಕತ್ತರಿಸ್ತಾನೆ. ಹತ್ತು ವರ್ಷ ಬಿಟ್ಟು ಅದು ಯಾವುದೋ ಪುಸ್ತಕದಲ್ಲಿ ರಷ್ಯದ ರಣರಂಗ ಆಗಿ ಬಂದಿರುತ್ತೆ. ಚಿತ್ರದ ಒಳಗೇ ಇರಬೇಕು, ಕತ್ತರಿಸೋಕಾಗದ ಕಡೆ.

— ಟ್ಯಾಂಕಿನ ಮೇಲೇ ಬರೀಲಾ? ಚಿತ್ರ ಕೆಟ್ಟುಹೋಗುತ್ತೆ.

— ಪಕ್ಕದ ನೆಲದ ಮೇಲೆ ಬರಿ, ಟ್ರ್ಯಾಕಿಗೆ ಒತ್ತಿಕೊಂಡ ಹಾಗೆ. ಜೊತೆಗೆ ಇನ್ನೊಂದು ಫೋಟೋನೂ ಇಡು. ಮೇಜು, ಅಂಟಿನ ಸೀಸೆ, ನಿನ್ನ ಕೈ ಎಲ್ಲ ಕಾಣೋ ಹಾಗೆ ತೆಗೆದದ್ದು. ಎರಡನ್ನೂ ಒಂದೇ ಚೌಕಟ್ಟಿನಲ್ಲಿ ಹಾಕಿಸು, ಖರ್ಚು ನಾನು ಕೊಡ್ತೀನಿ.